ಅರ್ಧ ಹೇಳಿದ ಪಾಠ

ಶಾಲೆಯ ಮಕ್ಕಳು ಬೆನ್ನ ಹಿಂದೆ ಅವಳನ್ನು ‘ಲಿಟ್ಮಸ್ ಟೀಚರ್’ ಎನ್ನುತ್ತಿದ್ದರು. ಅವಳ ಕೈಚೀಲದಲ್ಲಿ ಪೆನ್ನು ಇಲ್ಲದಿದ್ದರೂ ನೀಲಿ ಲಿಟ್ಮಸ್ ಕಾಗದದ ಪುಟ್ಟ ಕಟ್ಟು ಇದ್ದೇ ಇರುತ್ತಿತ್ತು. ಅವಳ ಪಕ್ಕ ಕೂತರೆ ಸುಳ್ಳು ಹೇಳಿದವರ ಬಣ್ಣ ಬಯಲಾಗುತ್ತದೆ ಎಂದು ಉಳಿದ ಟೀಚರುಗಳೂ ತಮಾಷೆ ಮಾಡುತ್ತಿದ್ದರು. ಆ ಮಾತಿಗೆ ಅವಳು ಒಳಗೊಳಗೇ ಹಿಗ್ಗುತ್ತಿದ್ದಳು.

ಅವಳು ಓದಿದ್ದು ಅಣ್ಣನಿಂದ. ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು, ಅವನಿಗೆ ಹದಿನೇಳು. ಅವನು ಊರಾಚೆಯ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಹೊರುವ ಕೆಲಸಕ್ಕೆ ಸೇರಿದ. ಬರಬರುತ್ತಾ ಬಾಯ್ಲರ್ ನೋಡಿಕೊಳ್ಳುವವನಾದ, ಬೀದಿಗೆಲ್ಲ ‘ಬಾಯ್ಲರಣ್ಣ’ನಾದ. ಎಷ್ಟು ಸೋಪು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ತಂಗಿಯ ಪುಸ್ತಕ ಮುಟ್ಟಬೇಕಾದಾಗ ಮಾತ್ರ ಕೈಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ. ಅವಳು ಮದುವೆ ಬೇಡವೆಂದಾಗ, ‘‘ನಿನ್ನಿಷ್ಟ ಕಣೇ’’ ಎಂದಷ್ಟೇ ಹೇಳಿ ಮಹಡಿಯ ಮೇಲೊಂದು ಕೋಣೆ ಕಟ್ಟಿಸಿಕೊಟ್ಟ. ಅಣ್ಣ, ಅತ್ತಿಗೆ, ಅವರ ಮಗಳು ಚುಕ್ಕಿ, ಅವಳು: ಎಲ್ಲರಿಗೂ ಒಂದೇ ಒಲೆ.

ಚುಕ್ಕಿ ಆರನೇ ತರಗತಿಗೆ ಬಂದ ವರ್ಷ ಅವಳಿಗೂ ಅತ್ತೆಯೇ ವಿಜ್ಞಾನದ ಟೀಚರ್. ಆಮ್ಲ ಮಳೆಯ ಪಾಠ ಬಂತು. ಬರೀ ಬಾಯಲ್ಲಿ ಹೇಳಿದರೆ ಮಕ್ಕಳ ತಲೆಗೆ ಹತ್ತುವುದಿಲ್ಲವೆಂದು ಅವಳು ಹುರುಳಿಕಾಯಿ ಗಿಡದ ಎರಡು ಕುಂಡಗಳನ್ನು ಕಿಟಕಿಯ ಬಳಿ ಇಟ್ಟಳು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ವಿನಿಗರ್ ಬೆರೆಸಿದ ನೀರು. ಪಕ್ಕದ ಗಾಜಿನ ಲೋಟದಲ್ಲಿ ಬರೀ ವಿನಿಗರ್, ಅದರೊಳಗೆ ಮೊಟ್ಟೆಯ ಚಿಪ್ಪು. ಚಿಪ್ಪಿನ ಮೈಯೆಲ್ಲ ಗುಳ್ಳೆ ಏಳುವುದನ್ನು ನೋಡಲು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು.

ಹತ್ತು ದಿನಕ್ಕೆ ವಿನಿಗರ್ ಕುಡಿದ ಗಿಡ ಹಳದಿಗೆ ತಿರುಗಿ ಕತ್ತು ಬಾಗಿಸಿತು. ಕಲ್ಲಿದ್ದಲಿನ ಹೊಗೆ ಮೋಡದ ನೀರಿಗೆ ಸೇರಿದರೆ ಮಳೆಯೂ ಹೀಗೆಯೇ ಹುಳಿಯಾಗುತ್ತದೆ, ಎಲೆ ಸುಡುತ್ತದೆ, ಕೆರೆಯ ಮೀನು ಸಾಯುತ್ತವೆ ಎಂದು ಅವಳು ವಿವರಿಸುತ್ತಿದ್ದಳು. ಚುಕ್ಕಿ ಎದ್ದು ನಿಂತಳು. ಶಾಲೆಯಲ್ಲಿ ಟೀಚರ್ ಎನ್ನಬೇಕೆಂಬುದೂ ಮರೆತುಹೋಗಿತ್ತು.

‘‘ಅತ್ತೆ, ನಮ್ಮ ಮಳೆನೂ ಹುಳಿನಾ? ಅಪ್ಪನ ಬಾಯ್ಲರಿಂದಾನಾ?’’

ತರಗತಿಯೆಲ್ಲ ಚುಕ್ಕಿಯತ್ತ ತಿರುಗಿತು. ಲಿಟ್ಮಸ್ ಟೀಚರ್ ‘‘ಹೌದು, ಅಲ್ಲಿಂದಲೇ’’ ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಚುಕ್ಕಿ ಬಾಡಿದ ಗಿಡದ ಕುಂಡವನ್ನು ಮನೆಗೆ ಹೊತ್ತು ತಂದು ಅಪ್ಪನ ಊಟದ ತಟ್ಟೆಯ ಪಕ್ಕ ಇಟ್ಟಳು. ‘‘ಇದು ನಿನ್ನಿಂದ ಆಗಿದ್ದು. ಕ್ಲಾಸಲ್ಲಿ ಎಲ್ರೂ ನನ್ನನ್ನ ಮೀನು ಕೊಂದವನ ಮಗಳು ಅಂತಾರೆ.’’

ಬಾಯ್ಲರಣ್ಣ ಗಿಡವನ್ನು ನೋಡಿದ, ತಂಗಿಯನ್ನು ನೋಡಿದ. ತುತ್ತು ತಟ್ಟೆಗೇ ಬಿತ್ತು. ‘‘ನಿನ್ನ ಪುಸ್ತಕಗಳೂ ಅದೇ ಹೊಗೆಯಿಂದ ಬಂದಿದ್ದು, ಪುಟ್ಟಿ’’ ಎಂದು ತಂಗಿಗೆ ಮೆಲ್ಲಗೆ ಹೇಳಿ ಕೈ ತೊಳೆದ. ತಾನು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಅವಳು ಹಟಕ್ಕೆ ಬಿದ್ದಳು.

ಆಮೇಲೆ ಮನೆಯಲ್ಲಿ ಮಾತು ಲೆಕ್ಕಕ್ಕೆ ಇಳಿಯಿತು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ. ಮೊದಲು ಅಪ್ಪನ ಸೈಕಲ್ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತಿದ್ದ ಚುಕ್ಕಿ ಈಗ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಅವನು ಸ್ಥಾವರದಲ್ಲೇ ಸ್ನಾನ ಮುಗಿಸಿ ಬರತೊಡಗಿದ. ‘‘ನೀವಿಬ್ರೂ ಕೂತು ಮಾತಾಡ್ಬಾರ್ದಾ?’’ ಎಂದು ಅತ್ತಿಗೆ ಅಣ್ಣ ತಂಗಿಯನ್ನು ಎರಡು ಸಲ ಕೇಳಿ ಸುಮ್ಮನಾದರು.

ಏಳು ತಿಂಗಳಿಗೆ ಅವನು ಆಸ್ಪತ್ರೆ ಸೇರಿದ. ಮೂವತ್ತು ವರ್ಷ ಬೂದಿ ಎಳೆದ ಶ್ವಾಸಕೋಶ ಕೈಕೊಟ್ಟಿತ್ತು. ಒಂದು ಬೆಳಿಗ್ಗೆ ನರ್ಸ್ ಕೊಟ್ಟ ಬೇಯಿಸಿದ ಮೊಟ್ಟೆಯನ್ನು ತಂಗಿ ಸುಲಿಯುತ್ತಿದ್ದಳು.

‘‘ಆ ಚಿಪ್ಪು ಎಸೀಬೇಡ. ಮಕ್ಕಳಿಗೆ ತೋರ್ಸಿದ್ಯಲ್ಲ, ನಂಗೂ ತೋರ್ಸು.’’

ಅವಳು ಕೆಳಗಿನ ಅಂಗಡಿಯಿಂದ ವಿನಿಗರ್ ತಂದು ಲೋಟಕ್ಕೆ ಸುರಿದು ಚಿಪ್ಪು ಹಾಕಿದಳು. ಅವನು ಲೋಟವನ್ನು ಕಿವಿಯ ಹತ್ತಿರ ಹಿಡಿದು ಗುಳ್ಳೆಗಳ ಸದ್ದನ್ನು ಬಹಳ ಹೊತ್ತು ಕೇಳಿದ.

‘‘ಇಷ್ಟೇನಾ? ಇಷ್ಟನ್ನ ನಮಗೆ ಯಾರೂ ಹೇಳ್ಲಿಲ್ಲ ನೋಡು.’’ ಉಸಿರು ಹಿಡಿದು ಮತ್ತೆ ಹೇಳಿದ, ‘‘ನೀನು ಮಗೂಗೆ ಸುಳ್ಳು ಹೇಳ್ಲಿಲ್ಲ ಬಿಡು. ಆದ್ರೆ ಅರ್ಧ ಹೇಳ್ದೆ. ಚಿಮಣಿಗೆ ಹೊಗೆ ಸೋಸೋ ಜರಡಿ ಹಾಕ್ಸಿ ಅಂತ ನಾವು ಮೂರು ಸಲ ಬರೆದು ಕೊಟ್ಟಿದ್ವಿ. ಮೇಲಿನವರು ಕಿವಿಗೇ ಹಾಕ್ಕೊಳ್ಳಲಿಲ್ಲ. ಅದೂ ಪಾಠದಲ್ಲಿ ಬರ್ಬೇಕಿತ್ತು.’’

‘‘ನಂಗೆ ಗೊತ್ತಿರ್ಲಿಲ್ಲ, ಅಣ್ಣ.’’

‘‘ನೀನು ಕೇಳ್ಲೇ ಇಲ್ವಲ್ಲ.’’ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಚುಚ್ಚಿತು.

ಸಂಜೆ ಚುಕ್ಕಿಯನ್ನು ಕರೆತರುತ್ತೇನೆಂದು ಹೇಳಿ ಅವಳು ಶಾಲೆಗೆ ಹೋದಳು. ಇಬ್ಬರೂ ಬರುವ ಹೊತ್ತಿಗೆ ಮಂಚ ಖಾಲಿಯಾಗಿತ್ತು. ಅತ್ತಿಗೆ ಗೋಡೆಗೆ ಒರಗಿ ಕೂತಿದ್ದರು.

ಹದಿನೈದು ದಿನ ಕಳೆದ ಮೇಲೆ ಅವಳು ಚುಕ್ಕಿಯನ್ನು ಕೂರಿಸಿಕೊಂಡು ಆ ಉಳಿದರ್ಧವನ್ನು ಹೇಳಿದಳು. ಹುಡುಗಿ ಕಣ್ಣು ಮಿಟುಕಿಸದೆ ಕೇಳಿದಳು.

‘‘ಅಪ್ಪ ಇದ್ದಾಗ ಹೇಳ್ಬೇಕಿತ್ತು ಅತ್ತೆ’’ ಎಂದಷ್ಟೇ ಅಂದು ಎದ್ದುಹೋದಳು.

ಮರುವರ್ಷ ಆಮ್ಲ ಮಳೆಯ ಪಾಠದ ದಿನ ಅಣ್ಣನ ಜೊತೆ ದುಡಿದ ಒಬ್ಬ ಮುದುಕನನ್ನು ಅವಳು ತರಗತಿಗೆ ಕರೆಸಿದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ಆತ ಕುರ್ಚಿಯ ಅಂಚಿನಲ್ಲಿ ಕೂತು ಮಕ್ಕಳ ಪ್ರಶ್ನೆಗಳಿಗೆ ತಡವರಿಸುತ್ತ ಉತ್ತರಿಸಿದ. ಕೊಟ್ಟ ಅರ್ಜಿಗಳ ವಿಷಯವನ್ನೂ ಹೇಳಿದ. ಮಕ್ಕಳು ಅವನಿಗೆ ಚಪ್ಪಾಳೆ ತಟ್ಟಿದರು. ಏಳನೇ ತರಗತಿಯ ಕೋಣೆ ಗೋಡೆಯಾಚೆಗೇ ಇತ್ತು, ಚಪ್ಪಾಳೆ ಅಲ್ಲಿಗೂ ಕೇಳಿಸಬೇಕಿತ್ತು. ಆದರೆ ಚುಕ್ಕಿ ಅಂದು ಹೊಟ್ಟೆನೋವೆಂದು ಶಾಲೆಗೆ ಬಂದಿರಲಿಲ್ಲ.