ಗಣಕಯಂತ್ರಕ್ಕೊಂದು ಖಾಕಿ ಗವಸು

ನಮ್ಮ ಮನೆಯ ಟೀವಿಯ ರಿಮೋಟು ಅಂಗಡಿಯಿಂದ ಬಂದ ದಿನದಿಂದಲೂ ತನ್ನ ಪ್ಲಾಸ್ಟಿಕ್ ಚೀಲದೊಳಗೇ ವಾಸವಾಗಿದೆ. ಚೀಲ ಹಳದಿಗಟ್ಟಿ, ಅದರ ಮೇಲೆ ಒಗ್ಗರಣೆಯ ಬೆರಳಚ್ಚು ಬಿದ್ದು, ಒಳಗಿನ ಅಂಕಿಗಳೇ ಕಾಣದಂತಾಗಿದ್ದರೂ ರಿಮೋಟು ಮಾತ್ರ ಹೊಚ್ಚಹೊಸದಾಗಿದೆ ಎಂಬುದು ನಮ್ಮೆಲ್ಲರ ನಂಬಿಕೆ. ಕಣ್ಣಾರೆ ಕಂಡವರು ಯಾರೂ ಇಲ್ಲ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ನಮ್ಮಲ್ಲಿ ಮಿಕ್ಸಿಗೆ ಹೂವಿನ ಗವಸು, ಗ್ರೈಂಡರಿಗೆ ಚೌಕುಳಿ ಗವಸು, ದಿಂಬಿಗೆ ಗವಸು, ಆ ಗವಸು ಕೊಳೆಯಾಗದಿರಲೆಂದು ಮೇಲೊಂದು ಟವೆಲ್ಲು. ಇವನ್ನೆಲ್ಲ ಹೊಲಿದ ಅಮ್ಮನ ಹೊಲಿಗೆಯಂತ್ರಕ್ಕೂ ಒಂದು ಗವಸಿದೆ. ಪಾಪ, ತನ್ನ ಬಟ್ಟೆಯನ್ನು ತಾನೇ ಬತ್ತಲೆ ನಿಂತು ಹೊಲಿದುಕೊಂಡಿತಲ್ಲ ಎಂದು ನಾನು ಚಿಕ್ಕಂದಿನಲ್ಲಿ ಮರುಗಿದ್ದೂ ಇದೆ.

ಅಮ್ಮನ ಸಿದ್ಧಾಂತ ಸರಳವಾದದ್ದು. ಲೋಕದಲ್ಲಿ ವಸ್ತುಗಳು ಕೆಡುವುದು ಧೂಳಿನಿಂದ. ಧೂಳು ಕೂರುವುದು ಮುಚ್ಚದೆ ಬಿಟ್ಟಿದ್ದರಿಂದ. ನಾವಿದ್ದದ್ದು ಹನುಮಂತನಗರದ ಪಕ್ಕದ ಶ್ರೀನಗರದಲ್ಲಿ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಆ ಕಾಲದಲ್ಲಿ ನಮ್ಮ ರಸ್ತೆಯನ್ನು ನೀರಿನವರು ಅಗೆದು ಮುಚ್ಚಿ ಹೋದರೆ, ಮುಚ್ಚಿದ್ದು ಸರಿಯಾಗಿದೆಯೇ ಎಂದು ನೋಡುವವರಂತೆ ಟೆಲಿಫೋನಿನವರು ಬಂದು ಮತ್ತೆ ಅಗೆಯುತ್ತಿದ್ದರು. ಹಾಗಾಗಿ ಅಮ್ಮನ ಸಿದ್ಧಾಂತಕ್ಕೆ ಪ್ರಮಾಣಗಳ ಕೊರತೆ ಇರಲಿಲ್ಲ. ಪ್ರಮಾಣ, ಸಿದ್ಧಾಂತ ಎಂಬ ಮಾತುಗಳು ನನ್ನ ಬಾಯಿಗೆ ಸಲೀಸಾಗಿ ಬರುವುದಕ್ಕೆ ಕಾರಣವಿದೆ. ನಾನು ಜಯನಗರದ ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಅಧ್ಯಾಪಕಿ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವ ಬಗೆಯನ್ನು ವರ್ಷಗಟ್ಟಲೆ ಹೇಳಿಕೊಟ್ಟವಳು. ಅಡುಗೆಮನೆಯಲ್ಲಿ ಹಾಲು ಸೀದು ಹೊಗೆಯೆದ್ದಾಗ ಪುಸ್ತಕದಿಂದ ತಲೆಯೆತ್ತದವಳೂ ನಾನೇ.

ಅಪ್ಪ ಸಿಟಿ ಬಸ್ಸಿನ ಡ್ರೈವರಾಗಿದ್ದವರು. ತಮ್ಮ ಗಾಡಿ ಒಮ್ಮೆಯೂ ನಡುದಾರಿಯಲ್ಲಿ ಕೆಟ್ಟು ನಿಂತು ಜನ ಇಳಿದು ತಳ್ಳುವಂತಾಗಲಿಲ್ಲ ಎಂಬುದು ಅವರ ಜೀವಮಾನದ ಏಕೈಕ ಜಂಬ. ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು, ಕಾಲು ಎಳೆಯುತ್ತಲಾದರೂ ನಡೆಯಿತು, ಎಡಗೈ ಮಾತ್ರ ಹಟ ಹಿಡಿದು ಕೂತಿತು. ಎಡಗೈ ಎಂದರೆ ನಮ್ಮ ದೇಶದ ಡ್ರೈವರಿಗೆ ಗೇರಿನ ಕೈ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಡಾಕ್ಟರಮ್ಮ ಹಿಸುಕುವುದಕ್ಕೆಂದು ಒಂದು ಮೆತ್ತನೆಯ ಚೆಂಡು ಕೊಟ್ಟರೆ ಅಪ್ಪ, "ಚೆಂಡಾಡೋ ವಯಸ್ಸೇನಮ್ಮ ಇದು?" ಎಂದು ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು. ಆಕೆ ಹೊರಡುವಾಗ ಗೇಟಿನ ಹತ್ತಿರ ನನ್ನನ್ನು ಕರೆದು ಹೇಳಿದರು: "ಅವ್ರಿಗೆ ಇಷ್ಟ ಆಗೋದೇನಾದ್ರೂ ಮಾಡ್ಸಿ ಮೇಡಂ. ಹಿಂಗೇ ಬಿಟ್ರೆ ಆ ಕೈ ಇದೆ ಅನ್ನೋದನ್ನೇ ಮರ್ತುಬಿಡ್ತಾರೆ. ಆಮೇಲೆ ಕಷ್ಟ." 

ಅದೇ ವಾರ ಕಾಲೇಜಿನಿಂದ ಬಸ್‌ಸ್ಟಾಪಿಗೆ ನಡೆಯುವಾಗ ಮುರಳಿ ಎಂಬವರ ಕಂಪ್ಯೂಟರ್ ಅಂಗಡಿಯ ಗಾಜಿನೊಳಗೆ ಒಂದು ಸ್ಟೀರಿಂಗ್ ಚಕ್ರ ಕಂಡಿತು. ಚಕ್ರ, ಕಾಲಿಗೆ ಬ್ರೇಕು, ಕಾರೋಡಿಸುವ ಆಟ, ಅದನ್ನು ನಡೆಸುವ ಯಂತ್ರ ಎಲ್ಲವೂ ಒಂದೇ ಕಂತೆ. "ಇದು ಆಟಕ್ಕೇಂತಾನೇ ಜೋಡ್ಸಿ ಬಂದಿರೋ ರೆಡಿಮೇಡ್ ಸಿಸ್ಟಂ ಮೇಡಂ. ಪ್ಲಗ್ ಹಾಕಿದ್ರೆ ಆಯ್ತು, ಏನೂ ತಾಪತ್ರಯ ಇಲ್ಲ" ಎಂದರು ಮುರಳಿ. ತಾಪತ್ರಯವಿಲ್ಲದ ವಸ್ತುವನ್ನು ನಮ್ಮ ಋಷಿಗಳೇ ಕಾಣದಿದ್ದ ಮೇಲೆ ಜಯನಗರದ ಅಂಗಡಿಯಲ್ಲಿ ಅದು ಸಿಗುವುದು ಹೇಗೆಂದು ತರ್ಕಶಾಸ್ತ್ರದವಳಾದ ನಾನು ಕೇಳಬೇಕಿತ್ತು. ಕೇಳಲಿಲ್ಲ. ರೆಡಿಮೇಡ್ ದೋಸೆಹಿಟ್ಟಿನ ಹಾಗೆ ಒಳಗೇನು ರುಬ್ಬಿದ್ದಾರೋ ತಿಳಿಯದೆ ಮನೆಗೆ ತಂದೆ.

ಅಪ್ಪ ಮೊದಲು ಮೂಗು ಮುರಿದರು. ಗೇರು ಎಲ್ಲಿ ಎಂದು ಕೇಳಿ, ಅದು ತಾನೇ ಬೀಳುತ್ತದೆ ಎಂದಾಗ, "ಹಂಗಾದ್ರೆ ಡ್ರೈವರ್ ಯಾಕೆ?" ಎಂದರು. ಆದರೂ ಚಕ್ರದ ಮೇಲೆ ಬಲಗೈ ಇಟ್ಟರು. ಅಭ್ಯಾಸಬಲದಿಂದ ಎಡಗೈಯನ್ನೂ ಬಲಗೈಯಿಂದಲೇ ಎತ್ತಿ ಇರಿಸಿಕೊಂಡರು. ಚಕ್ರ ತಿರುಗಿದರೆ ಆ ಕೈಯೂ ಅದರ ಜೊತೆ ಅಷ್ಟಿಷ್ಟು ತಿರುಗುತ್ತಿತ್ತು. ಪರದೆಯ ಮೇಲೆ ಉಳಿದ ಕಾರುಗಳು ಯಾರೋ ಅಟ್ಟಿಸಿಕೊಂಡು ಬಂದಂತೆ ನುಗ್ಗುತ್ತಿದ್ದರೆ ನಮ್ಮಪ್ಪ ಎಡಬದಿ ಹಿಡಿದು, ತಿರುವಿನಲ್ಲಿ ನಿಧಾನಿಸಿ, ಹಿಂದಿನವರಿಗೆ ಮರ್ಯಾದೆಯಿಂದ ದಾರಿ ಬಿಟ್ಟು, ಪ್ರತಿಸಲವೂ ಕಟ್ಟಕಡೆಯವರಾಗಿ ಗುರಿ ಮುಟ್ಟುತ್ತಿದ್ದರು. ಸೋತಿರೆಂದು ಪರದೆ ಮಿನುಗಿದರೆ, "ತಲುಪಿದ್ವಲ್ಲ, ಸಾಕು" ಎನ್ನುತ್ತಿದ್ದರು. ಅಮ್ಮ ಹಿಂದೊಂದು ಸ್ಟೂಲು ಹಾಕಿಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತ ಕೂರುತ್ತಿದ್ದಳು. "ರೀ, ಆ ಕೆಂಪು ಕಾರು ಮೈಮೇಲೇ ಬರ್ತಿದೆ" ಎಂದು ಅವಳು ಗಾಬರಿಯಾದರೆ ಅಪ್ಪ ತಿರುಗದೆಯೇ, "ಡ್ರೈವರ್ ಹತ್ರ ಮಾತಾಡ್ಬಾರ್ದು" ಎನ್ನುವರು. ಕೆಲಸದಲ್ಲಿದ್ದಷ್ಟು ಕಾಲ ಅವರು ಅಮ್ಮನನ್ನು ತಮ್ಮ ಬಸ್ಸಿಗೆ ಹತ್ತಿಸಿಕೊಂಡವರಲ್ಲ. ಹೆಂಡತಿ ಹಿಂದೆ ಕೂತರೆ ಕಣ್ಣು ರಸ್ತೆ ಬಿಟ್ಟು ಕನ್ನಡಿಗೆ ಹೋಗುತ್ತದೆ ಎಂಬುದು ಅವರ ವಾದ. ಈಗ ದಿನಾ ಸಂಜೆ ಕಾಫಿಯ ನಂತರ ಇಬ್ಬರದೂ ಸವಾರಿ.

ಇಷ್ಟು ಬೆಲೆಬಾಳುವ ಯಂತ್ರ ಧೂಳಿನ ಬಾಯಿಗೆ ಬೀಳಬಾರದಲ್ಲ. ಅಮ್ಮ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಕಾಪಾಡಿಕೊಂಡಿದ್ದ ಅಪ್ಪನ ಕೊನೆಯ ಜೊತೆ ಖಾಕಿ ಯೂನಿಫಾರಂ ತೆಗೆದಳು, ಮೇಜಿನ ಪಕ್ಕದಲ್ಲಿ ನಿಂತಿದ್ದ ಸಿಪಿಯು ಡಬ್ಬಿಯ ಅಳತೆ ತೆಗೆದುಕೊಂಡಳು, ಎರಡೇ ದಿನದಲ್ಲಿ ಗವಸು ಸಿದ್ಧವಾಯಿತು. ಮುಂದೆ ಗುಂಡಿ ಒತ್ತಲು ಒಂದು ಕಿಟಕಿ, ಹಿಂದೆ ತಂತಿಗಳು ಹೊರಬರಲು ಸಣ್ಣ ಕಂಡಿ, ಎದೆಯ ಜೇಬು ಹಾಗೇ ಉಳಿದು ಅದರಲ್ಲಿ ಪರದೆ ಒರೆಸುವ ಬಟ್ಟೆ. ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಳೆಂದರೆ ಯಂತ್ರ ಓಡಿಸಬೇಕಾದರೂ ಗವಸು ತೆಗೆಯುವ ಅಗತ್ಯವೇ ಇರಲಿಲ್ಲ. ಅದು ಅಲ್ಲಿದೆ ಎಂಬುದೇ ಕೆಲವು ದಿನಗಳಲ್ಲಿ ನಮಗೆ ಮರೆತುಹೋಯಿತು.

ಆಮೇಲೆ ಶುರುವಾಯಿತು ತಾಪತ್ರಯ. ಆಟ ಅರ್ಧ ಗಂಟೆ ಓಡುವುದು, ಇದ್ದಕ್ಕಿದ್ದಂತೆ ಪರದೆ ಕಪ್ಪಾಗುವುದು, ಯಂತ್ರ ಉಸಿರು ನಿಲ್ಲಿಸುವುದು. ಅಮ್ಮ ಹನುಮಂತನಗರದ ಗುಡ್ಡದ ದೇವಸ್ಥಾನದ ಕುಂಕುಮ ತಂದು ಹಚ್ಚಿದಳು. ಪಕ್ಕದ ಮನೆಯವರು ಯಂತ್ರದ ದಿಕ್ಕು ಬದಲಿಸಿ ಎಂದರು. ನಾನು ಕಾರ್ಯಕಾರಣ ವಿವೇಚನೆ ನಡೆಸಿ ಗ್ರೈಂಡರಿನ ಮೇಲೆ ಗುಮಾನಿಪಟ್ಟೆ. ಅದು ತಿರುಗಿದಾಗ ಕರೆಂಟು ಕುಗ್ಗುತ್ತದೆಂದು ಸಾಧಿಸಿ ಸಂಜೆ ರುಬ್ಬುವುದನ್ನೇ ನಿಲ್ಲಿಸಿದೆ. ಇಡ್ಲಿ ನಿಂತಿತು, ಯಂತ್ರ ನಿಲ್ಲುವುದು ನಿಲ್ಲಲಿಲ್ಲ. ಕೊನೆಗೆ ಆಟೋದಲ್ಲಿ ಮುರಳಿಯವರ ಅಂಗಡಿಗೆ ಒಯ್ದೆ. ಹೊರಡುವ ಮುಂಚೆ ಅಮ್ಮ, "ಆಟೋದಲ್ಲಿ ಕೊಳೆಯಾಗತ್ತೆ" ಎಂದು ಗವಸು ಬಿಚ್ಚಿಕೊಂಡು ನೆನೆಹಾಕಿದಳು. ಮುರಳಿ ಡಬ್ಬಿ ತೆರೆದು, ಬ್ಲೋಯರಿನಿಂದ ಗಾಳಿ ಊದಿ, ಒಳಗಿನ ಮೆಮೊರಿಯ ಪಟ್ಟಿಯನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಕರೆಂಟು ಹಂಚುವ ಪೆಟ್ಟಿಗೆಯನ್ನೂ ಬದಲಾಯಿಸಿದರು. ಅಂಗಡಿಯಲ್ಲಿ ಅದು ದಿನವಿಡೀ ಚಕಾರವೆತ್ತದೆ ಓಡಿತು. ಮನೆಗೆ ಬಂದಿತು, ಒಗೆದು ಇಸ್ತ್ರಿಯಾದ ಗವಸು ತೊಟ್ಟಿತು, ಅರ್ಧ ಗಂಟೆಗೆ ಕಣ್ಣು ಮುಚ್ಚಿತು. ಡಾಕ್ಟರ ಎದುರು ಕೂತ ಕೂಡಲೇ ಮಾಯವಾಗುವ ಹೊಟ್ಟೆನೋವಿನ ಹಾಗೆ. ಇನ್ನೊಮ್ಮೆ ಒಯ್ದಾಗಲೂ ಇದೇ ಕಥೆ. "ನಮ್ಮಂಗ್ಡೀಲಿ ಬೆಳಗಿಂದ ಸಂಜೆವರ್ಗೂ ಓಡ್ತಲ್ಲ ಮೇಡಂ. ನಿಮ್ಮನೇಲೇ ಏನೋ ಇದೆ" ಎಂದರು ಮುರಳಿ. ನಮ್ಮ ಮನೆಯಲ್ಲಿ ಏನೋ ಇದೆ ಎಂಬುದನ್ನು ನಾನೂ ಅಲ್ಲಗಳೆಯಲಾರೆ. ಏನು ಎಂಬುದು ತಿಳಿಯಲಿಲ್ಲ ಅಷ್ಟೆ.

ಅಪ್ಪನಿಗೆ ಮಾತ್ರ ತಿಳಿದುಹೋಗಿತ್ತು, ಅಥವಾ ಹಾಗೆಂದು ಅವರು ತೀರ್ಮಾನಿಸಿದ್ದರು. ಎರಡನೆಯ ರಿಪೇರಿಯ ನಂತರವೂ ಪರದೆ ಕಪ್ಪಾದ ಸಂಜೆ ಅವರು ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಿಗಿಟ್ಟುಕೊಂಡರು. "ಈ ಕೈಗೆ ಗೊತ್ತಾಗಲ್ಲಮ್ಮ. ಎಲ್ಲೋ ಏನೋ ತಪ್ಪು ಒತ್ತತ್ತೆ, ಅದಕ್ಕೇ ನಿಲ್ತಿದೆ. ಗಾಡಿ ನಿಲ್ಲಿಸ್ದೋನಲ್ಲ ನಾನು. ಬೇಡ, ಎತ್ತಿಡು." ಹಾಗೆಂದು ಹೆಗಲ ಮೇಲಿದ್ದ ಟವೆಲನ್ನು ತೆಗೆದು ಆ ಕೈಯ ಮೇಲೆ ಹೊದಿಸಿದರು. ಮನೆಯಲ್ಲಿ ಎಲ್ಲಕ್ಕೂ ಗವಸಿತ್ತು, ಅಪ್ಪನ ಕೈಗೊಂದು ಬಾಕಿಯಿತ್ತು. ನನಗೆ ಅಳು ಬಂತು. 

ಇನ್ನೊಮ್ಮೆ ಕೊನೆಯ ಪ್ರಯತ್ನವೆಂದು ಯಂತ್ರವನ್ನು ಅಂಗಡಿಗೆ ಹೊತ್ತೆ. ಅದು ಮರಳಿ ಬರುವ ಹೊತ್ತಿಗೆ ಜಡಿಮಳೆ ಹಿಡಿದಿತ್ತು. ದಪ್ಪ ಖಾಕಿ ಒಣಗಲಿಲ್ಲ. ವರಾಂಡದ ಹಗ್ಗದಲ್ಲಿ ನೀರು ತೊಟ್ಟಿಕ್ಕುತ್ತ ನೇತಾಡುತ್ತಿತ್ತು. ಒಂದೇ ಒಂದು ಟ್ರಿಪ್ಪು ಎಂದು ಅಪ್ಪನನ್ನು ಗೋಗರೆದು ಕೂರಿಸಿದೆ. ಅರ್ಧ ಗಂಟೆ ಆಯಿತು, ಒಂದು ಗಂಟೆಯೂ ಆಯಿತು, ಅಪ್ಪನಿಗೆ ಸುಸ್ತಾಯಿತೇ ವಿನಾ ಯಂತ್ರಕ್ಕಾಗಲಿಲ್ಲ. ಮರುದಿನವೂ ಹಾಗೇ. ಮೂರನೆಯ ದಿನ ಬಿಸಿಲು ಬಂತು, ಗವಸು ಒಣಗಿತು, ಅಮ್ಮ ಗರಿಗರಿಯಾಗಿ ಇಸ್ತ್ರಿ ಮಾಡಿ ತೊಡಿಸಿದಳು. ಸಂಜೆ ಅರ್ಧ ಗಂಟೆಗೆ ಪರದೆ ಕಪ್ಪಾಯಿತು, ಅಪ್ಪನ ಕೈ ಮತ್ತೆ ಟವೆಲಿನ ಕೆಳಗೆ ಹೋಯಿತು. ನಾನು ಸುಮ್ಮನೆ ಯಂತ್ರದ ನೆತ್ತಿಯ ಮೇಲೆ ಅಂಗೈ ಇಟ್ಟೆ. ದೋಸೆ ಹಂಚಿನ ಹಾಗೆ ಸುಡುತ್ತಿತ್ತು.

ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ; ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ಮಕ್ಕಳ ಪ್ರಾಣ ತಿಂದಿದ್ದೆ. ಅಂಗಡಿಗೆ ಯಂತ್ರ ಹೋಗುತ್ತಿತ್ತು, ಗವಸು ಮನೆಯಲ್ಲಿ ಉಳಿಯುತ್ತಿತ್ತು. ಯಂತ್ರ ಬಂದೊಡನೆ ಗವಸು ಏರುತ್ತಿತ್ತು. ಆಟದ ಯಂತ್ರಕ್ಕೆ ಮೈಬಿಸಿ ಹೆಚ್ಚು, ಅದು ಉಸಿರು ಬಿಡುವುದು ಬೆನ್ನಿನ ಫ್ಯಾನಿನಿಂದ, ಆ ಬೆನ್ನಿಗೇ ನಾವು ಖಾಕಿ ತೊಡಿಸಿದ್ದೆವು. ಕಾರಣ ಸಿಕ್ಕಿತೆಂದು ಕುಣಿಯಬೇಕಾಗಿದ್ದವಳು ಕೂತಲ್ಲೇ ಕೂತೆ. ಅಪ್ಪನ ಗಾಡಿಯನ್ನು ಅಷ್ಟು ದಿನ ನಿಲ್ಲಿಸುತ್ತಿದ್ದದ್ದು ನಿನ್ನ ಗವಸು ಎಂದು ಅಮ್ಮನಿಗೆ ಹೇಳುವುದು ಯಾವ ಬಾಯಿಯಿಂದ? ಕೆಡದಿರಲಿ ಎಂದೇ ಹೊಲಿದಿದ್ದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಸುತ್ತಿ ಬಳಸಿ ಹೇಳಿದೆ: "ಅಮ್ಮ, ಮಳೆಗಾಲದಲ್ಲಿ ಅದಕ್ಕೆ ಗವಸು ಬೇಡವಂತೆ."

"ಬೇಸಿಗೇಲಿ?"

"ಬೇಸಿಗೇಲೂ."

ಅಮ್ಮ ಒಲೆ ಸಣ್ಣಗೆ ಮಾಡಿ ನಡುಮನೆಗೆ ಹೋದಳು. ಗವಸಿನ ಒಳಗೆ ಕೈ ತೂರಿಸಿ ಮುಟ್ಟಿ ನೋಡಿದಳು. "ಜ್ವರ ಬಂದೋರಿಗೆ ಕಂಬಳಿ ಹೊದಿಸ್ದಂಗಾಯ್ತಲ್ಲೇ" ಎಂದಳು ನನಗೆ. ಆಮೇಲೆ ಅಪ್ಪನ ಹತ್ತಿರ ಹೋಗಿ ಆ ಟವೆಲನ್ನು ಎಳೆದು ತೆಗೆದಳು. "ನಿಮ್ಮ ಕೈ ಏನೂ ಮಾಡಿಲ್ಲಾರೀ. ಮಾಡಿದ್ದು ನನ್ನ ಕೈ."

ಗವಸಿನ ಕಥೆಯನ್ನೆಲ್ಲ ಕೇಳಿದ ಅಪ್ಪ ಆ ಖಾಕಿಯ ಅಂಚನ್ನು ಬೆರಳಿನಿಂದ ಸವರಿದರು. "ಅದನ್ನ ಹಾಕ್ಕೊಂಡು ಬೇಸಿಗೇಲಿ ಇಂಜಿನ್ ಪಕ್ಕ ಕೂರ್ತಿದ್ದೋನು ನಾನಲ್ವೇನೇ? ನಂಗೂ ಒಂದೊಂದ್ಸಲ ಕಣ್ಣು ಕತ್ಲೆ ಬರ್ತಿತ್ತು. ಪಾಪ, ಅದರ ತಪ್ಪೇನಿದೆ" ಎಂದರು.

"ನೀವು ಯಾವತ್ತೂ ಹೇಳ್ಲೇ ಇಲ್ಲವಲ್ಲ" ಎಂದಳು ಅಮ್ಮ. 

ಗವಸು ಟ್ರಂಕಿಗೆ ಹಿಂತಿರುಗುತ್ತದೆಂದು ನಾನೆಣಿಸಿದ್ದು ಅಮ್ಮನನ್ನು ಅರಿಯದವರ ತರ್ಕ. ಅವಳು ಅದನ್ನು ಉದ್ದಕ್ಕೆ ಸೀಳಿ, ಅಂಗಿಯ ಗುಂಡಿಪಟ್ಟಿಯನ್ನೇ ಜೋಡಿಸಿ, ಮುಂದಿನಿಂದ ಬಿಚ್ಚಿ ಹಾಕುವಂತೆ ಮತ್ತೆ ಹೊಲಿದಳು. ಗೋಡೆಗಂಟಿದ್ದ ಯಂತ್ರವನ್ನು ನಾನು ಒಂದು ಗೇಣು ಈಚೆ ಎಳೆದೆ. ಗಾಡಿ ಓಡುವಾಗ ಗವಸು ಬಿಚ್ಚಿರಬೇಕು, ನಿಂತ ಮೇಲೆ ನೆತ್ತಿ ಮುಟ್ಟಿ ನೋಡಿ, ತಣ್ಣಗಾಗಿದ್ದರೆ ತೊಡಿಸಬೇಕು, ಇದು ಕಾನೂನಾಯಿತು. ಯೂನಿಫಾರಂ ನನ್ನದು, ಗುಂಡಿ ನಾನೇ ಹಾಕ್ತೀನಿ ಎಂದು ಅಪ್ಪ ಪಟ್ಟು ಹಿಡಿದರು. ಗುಂಡಿ ಹಾಕುವುದು ಒಂದು ಕೈಯ ಕೆಲಸವಲ್ಲ. ಮೊದಲು ಅಮ್ಮ ಬಟ್ಟೆ ಹಿಡಿದುಕೊಳ್ಳುತ್ತಿದ್ದಳು, ಅಪ್ಪ ಬಲಗೈಯಿಂದ ತೂರಿಸುತ್ತಿದ್ದರು. ಬರಬರುತ್ತ ಅಪ್ಪನ ಎಡಗೈ ಬಂದು ಬಟ್ಟೆಯ ಅಂಚನ್ನು ಒತ್ತಿಕೊಳ್ಳತೊಡಗಿತು. ಕೈ ಸುಧಾರಿಸಿದ್ದನ್ನು ಕಂಡು ಡಾಕ್ಟರಮ್ಮ ಸ್ಟೀರಿಂಗನ್ನು ಹೊಗಳಿದರು, ನಾನೂ ತಲೆಯಾಡಿಸಿದೆ.

ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಸವಾರಿ ಮುಗಿದಿತ್ತು. ಅಪ್ಪ ನೆಲದ ಮೇಲೆ ಕೂತು ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಗುಂಡಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಕಾಜದೊಳಗೆ ತಳ್ಳುತ್ತಿದ್ದರು. ಜಾರಿತು. ಮತ್ತೆ ಹಿಡಿದರು. ಪಕ್ಕದ ಸ್ಟೂಲಿನ ಮೇಲೆ ಅಮ್ಮ ತನ್ನೆರಡು ಕೈಗಳನ್ನೂ ಸೆರಗಿನಲ್ಲಿ ಸುತ್ತಿ ಬಿಗಿಹಿಡಿದು ಕೂತಿದ್ದಳು, ಅವು ಸಹಾಯಕ್ಕೆ ಹೋಗದಂತೆ. ಗುಂಡಿ ಒಳಗೆ ಹೋಯಿತು, ಅದರ ಮೇಲಿನದೂ ಹೋಯಿತು. ಕೊರಳಿನ ಗುಂಡಿಯೊಂದನ್ನು ಅಪ್ಪ ಹಾಗೇ ಬಿಟ್ಟರು.

"ಅದೊಂದ್ಯಾಕೆ ಬಿಟ್ರಿ?" ಎಂದಳು ಅಮ್ಮ.

"ಉಸಿರಾಡ್ಲಿ ಬಿಡೇ. ಡ್ಯೂಟಿ ಮುಗೀತಲ್ಲ."

ಆ ಯಂತ್ರ ಈಗಿಲ್ಲ. ಎಲ್ಲ ಯಂತ್ರಗಳಂತೆ ಮುದಿಯಾಗಿ, ಗೌರವದಿಂದ ಹೋಯಿತು. ಟೀವಿಯ ರಿಮೋಟು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ ಎಂದೆನಲ್ಲ, ಮೊನ್ನೆ ಅದನ್ನು ಕೈಗೆತ್ತಿಕೊಂಡಾಗ ಚೀಲದ ಒಂದು ಮೂಲೆಯಲ್ಲಿ ಕತ್ತರಿಯಿಂದ ಮಾಡಿದ ಸಣ್ಣ ತೂತು ಕಂಡಿತು. ಇದಕ್ಕೆಲ್ಲಿ ಬಿಸಿಯಾಗುತ್ತದೆ ಅಮ್ಮ ಎಂದು ನಕ್ಕೆ. ಅಮ್ಮ ಪಕ್ಕದಲ್ಲೇ ಅಪ್ಪನ ಎಡಗೈಗೆ ಎಣ್ಣೆ ನೀವುತ್ತಿದ್ದಳು, ತಲೆಯೆತ್ತಲಿಲ್ಲ.

"ಇರ್ಲಿ ಬಿಡು. ಬಾಯ್ಬಿಟ್ಟು ಹೇಳೋ ಜಾತಿ ಅಲ್ಲ ಅವು."