ಆಯಾಳ ಬಾಯಲ್ಲಿ ದೊಡ್ಡ ಡಾಕ್ಟರು

ಮೊಮ್ಮಗಳ ಮಂಚದ ಪಕ್ಕ ಕುಳಿತಿದ್ದ ಮೇಷ್ಟರು ಆಯಾಳನ್ನು ಮೊದಲು ಕಂಡ ದಿನ, ಅವಳು ತುಟಿ ಬಿಗಿಹಿಡಿದು, ತಲೆ ತಗ್ಗಿಸಿ ಮಕ್ಕಳ ವಾರ್ಡಿನ ನೆಲ ಒರೆಸುತ್ತಿದ್ದಳು. ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ.

ತುಟಿ ಬಿಗಿಹಿಡಿಯಲು ಕಾರಣವಿತ್ತು. ಯಾರನ್ನಾದರೂ ಒಮ್ಮೆ ಕಂಡರೆ ಸಾಕು, ಅವರ ನಡಿಗೆ, ದನಿ, ಸೀನು ಎಲ್ಲವೂ ಅವಳ ಮೈಯೊಳಗೆ ಬಂದುಬಿಡುತ್ತಿದ್ದವು. ಹಿಂದೆ ಬಟ್ಟೆ ಕಾರ್ಖಾನೆಯಲ್ಲಿ ಮೇಲ್ವಿಚಾರಕನನ್ನು ಅಣಕಿಸಿ ಗೆಳತಿಯರನ್ನು ನಗಿಸುವಾಗ ಅವನೇ ಬೆನ್ನ ಹಿಂದೆ ನಿಂತಿದ್ದ. ಕೆಲಸ ಹೋಯಿತು. "ನಿನ್ನ ಕಪಿಚೇಷ್ಟೆಗೆ ಮನೆಮಂದಿ ಉಪವಾಸ ಬೀಳ್ಬೇಕಾ? ಇನ್ಮೇಲೆ ಬಾಯಿಗೆ ಬೀಗ ಹಾಕ್ಕೊಂಡಿರು," ಎಂದಿದ್ದರು ಅತ್ತೆ.

ಮೇಷ್ಟರ ಮೊಮ್ಮಗಳಿಗೆ ಎದೆಯಲ್ಲಿ ಕಫ ಕಟ್ಟಿತ್ತು. ಆಳವಾಗಿ ಉಸಿರೆಳೆದು ಕೆಮ್ಮಿದರೆ ಅದು ಹೊರಬರಬೇಕು. ನೋವಿಗೆ ಹೆದರಿದ ಮಗು ಬಾಯಿಯನ್ನೇ ಬಿಡುತ್ತಿರಲಿಲ್ಲ. ಸಂಜೆಯೊಳಗೆ ಕೆಮ್ಮದಿದ್ದರೆ ಕೊಳವೆ ಹಾಕಿ ತೆಗೆಯಬೇಕಾಗುತ್ತದೆ ಎಂದು ಹೇಳಿ ದೊಡ್ಡ ಡಾಕ್ಟರು ಪಕ್ಕದ ವಾರ್ಡಿಗೆ ಹೋದರು. ನರ್ಸು ಗದರಿಸಿದಳು, ಮೇಷ್ಟರು ಬೇಡಿಕೊಂಡರು. ಮಗು ಗೋಡೆಯ ಕಡೆ ಹೊರಳಿತು.

ಆಯಾಳ ಕೈಯಲ್ಲಿದ್ದ ಒರೆಸುವ ಕೋಲು ನಿಂತೇಹೋಯಿತು. ಈ ಕೆಲಸವೂ ಹೋದರೆ ಯಾವ ಮುಖ ಹೊತ್ತು ಮನೆಗೆ ಹೋಗುವುದು? 'ದೇವರೇ, ಈ ಅಣಕದ ವಿದ್ಯೆ ಕೊಟ್ಟವನು ನೀನು. ಮುಂದಿನದನ್ನೂ ನೀನೇ ನೋಡ್ಕೋ' ಎಂದುಕೊಂಡಳು.

ಹೊಟ್ಟೆ ಮುಂದೆ ಮಾಡಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ದೊಡ್ಡ ಡಾಕ್ಟರ ದನಿಯಲ್ಲೇ ರಾಗ ಎಳೆದಳು: "ಏನ್ ಸಿಸ್ಟರ್, ಈ ದಿಂಬಿಗೆ ಜ್ವರ ಇದ್ಯಾ? ನಾಲಿಗೆ ಚಾಚೋಕೆ ಹೇಳಿ."

ಮಗು ತಿರುಗಿ ಕಿಸಕ್ಕೆಂದಿತು. 'ಡಾಕ್ಟರು' ಗಂಭೀರವಾಗಿ ದಿಂಬಿನ ನಾಡಿ ಹಿಡಿದರು. ಮಗು ಬಿದ್ದುಬಿದ್ದು ನಕ್ಕಿತು. ನಗು ಕೆಮ್ಮಾಯಿತು, ಕೆಮ್ಮಿನ ಜೊತೆ ಕಫ ಕಿತ್ತುಕೊಂಡು ಬಂತು. ನರ್ಸು ಬಟ್ಟಲು ಹಿಡಿದು ಓಡಿಬಂದಳು.

ಬಾಗಿಲಲ್ಲಿ ನಿಜವಾದ ಡಾಕ್ಟರು ನಿಂತಿದ್ದರು. ಆಯಾ ದಿಂಬನ್ನು ಬಿಟ್ಟು ಒರೆಸುವ ಕೋಲಿಗೆ ಕೈಹಾಕಿದಳು.

"ನನ್ನ ಹೊಟ್ಟೆ ಅಷ್ಟು ಮುಂದಿದ್ಯೇನಮ್ಮಾ?"

"ಸ್ವಲ್ಪ ಕಮ್ಮಿ ಮಾಡೇ ತೋರ್ಸಿದೀನಿ ಸಾರ್." ಗಾಬರಿಯಲ್ಲಿ ಅದೂ ಅವರದೇ ದನಿಯಲ್ಲಿ ಬಂದುಬಿಟ್ಟಿತು.

ಡಾಕ್ಟರು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಕೊಳವೆ ಬೇಡ," ಎಂದರು ಕೊನೆಗೆ. "ಸಂಜೆ ಇನ್ನೊಂದ್ ಸಲ ನನ್ನ ಕರ್ಕೊಂಡ್ ಬಾಮ್ಮ."

ಈಗ ಅವಳು ಕೆಲಸ ಮುಗಿಸಿ, ಮಕ್ಕಳು ಕೇಳಿದವರನ್ನೆಲ್ಲ ಅವರವರ ಮಂಚದ ಬಳಿಗೆ ಕರೆತರುತ್ತಾಳೆ. ಈ ವಾರ ಒಬ್ಬ ಹುಡುಗ, ಸೋಂಕಿನ ಭಯದಿಂದ ಒಳಗೆ ಬಿಡದ ತನ್ನ ಅಮ್ಮನನ್ನೇ ಕೇಳಿದ್ದಾನೆ. ಅದಕ್ಕೇ ಅವಳು ಹೊರಗಿನ ಬೆಂಚಿನಲ್ಲಿ ಆ ತಾಯಿಯ ಪಕ್ಕ ಕುಳಿತು, ಮಗನನ್ನು ಮಲಗಿಸುವಾಗ ಏನನ್ನುತ್ತೀರಿ, ಹೇಗನ್ನುತ್ತೀರಿ ಎಂದು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಾಳೆ.