ಕುಣಿಯುವ ಕಾರು

ಗೆಳೆಯರೇ, ದಿನ ತುಂಬಿದ ಬಸುರಿ ಅಕ್ಕನನ್ನು ನಾಳೆ ಮುಂಡರಗಿಯಿಂದ ನಮ್ಮೂರು ಹೊಂಬಳಕ್ಕೆ ಕಾರಿನಲ್ಲಿ ಕರೆತರಬೇಕು. ಕುಲುಕಾಟ ತಡೆಯಲೆಂದು ದೀಪಾವಳಿಗೆ ಅದಕ್ಕೆ ಹಾಕಿಸಿದ ಹೊಸ ಶಾಕ್ ಅಬ್ಸಾರ್ಬರ್‌ಗಳಿಂದ ಆಗಲೇ ಎಣ್ಣೆ ಸೋರುತ್ತಿತ್ತು. ನಮ್ಮ ಹಳೆಯ ಕಾರು ಸಣ್ಣ ತಗ್ಗಿಗೂ ಧಡ್ ಎನ್ನುತ್ತಿತ್ತು. ಹೆದರಿ ಇಂದು ಅಪ್ಪನೊಂದಿಗೆ ಗದಗಿನ ಗ್ಯಾರೇಜಿಗೆ ಹೋದೆ.

ಮೇಸ್ತ್ರಿ ಡಿಕ್ಕಿ ತೆರೆದರು. ಒಳಗೆ ಎರಡು ಜೋಳದ ಚೀಲ.

"ಯಾವಾಗಿಂದ ಅದಾವ್ರೀ ಇವು?"

"ಹೊಸಾವು ಹಾಕಿಸಿದಾಗಿಂದ," ಅಪ್ಪ ಹೆಮ್ಮೆಯಿಂದ ಹೇಳಿದರು. "ಚಕ್ಕಡಿ ಖಾಲಿ ಇದ್ರ ಕುಣೀತೈತಿ. ಅದಕ್ಕ ಕಾರಿಗೂ ಹಿಂದ ಭಾರ ಇಟ್ಟೀನಿ."

"ಯಜಮಾನ್ರ, ಆ ಭಾರಕ್ಕ ಇವು ಸತ್ತಾವ್ರಿ!"

ಚೀಲಗಳನ್ನು ಟಂಟಂ ಆಟೋದಲ್ಲಿ ಊರಿಗೆ ಕಳಿಸಿ, ಮತ್ತೆ ಹೊಸ ಅಬ್ಸಾರ್ಬರ್‌ಗಳನ್ನು ಹಾಕಿಸಿಕೊಂಡು ಬಂದೆವು. ಮನೆ ಮುಟ್ಟಿದ ಮೇಲೆ ಅಪ್ಪ ಮೆಲ್ಲಗೆ ಕೇಳಿದರು: "ನಾಳೆ ಬಸುರಿ ಕುಂಡ್ರತಾಳ. ಒಂದ ಚೀಲರ ಇಡೂಣೇನ್ಲೇ?"

ಡಿಕ್ಕಿಯ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಪಡಸಾಲೆಯಲ್ಲಿ ಕೂತು ಸಣ್ಣದೊಂದು ಚೀಲದ ಬಾಯಿ ಹೊಲಿಯುತ್ತಿದ್ದಾರೆ.